ಎರಡನೆಯ ಸುರುಳಿ: ಲಿಪಿಕಾರ ಬಾರೂಕನ ಪ್ರಕರಣ

ಹಳೆ ಒಡಂಬಡಿಕೆಯ ಯೆರೆಮೀಯನ ಗ್ರಂಥದಲ್ಲಿ 52 ಅಧ್ಯಾಯಗಳಿವೆ. ಅವುಗಳಲ್ಲಿ 45ನೆಯದು ಐದೇ ವಚನಗಳದ್ದು. ಅದರ ಹಿಂದೆಮುಂದೆಲ್ಲ ಪಟ್ಟಣಗಳ ಪತನ, ಸೈನ್ಯಗಳ ನಡೆ, ಜನಾಂಗಗಳ ಮೇಲಿನ ತೀರ್ಪು ತುಂಬಿಕೊಂಡಿರುವಾಗ, ಈ ಐದು ವಚನಗಳು ಮಾತ್ರ ಬರೆದು ಬರೆದು ಬೇಸತ್ತ ಒಬ್ಬ ಲಿಪಿಕಾರನ ನಿಟ್ಟುಸಿರನ್ನೂ ಅದಕ್ಕೆ ದೇವರಿಂದ ಬಂದ ಉತ್ತರವನ್ನೂ ಹೇಳಿ ಮುಗಿಯುತ್ತವೆ. ಆ ಲಿಪಿಕಾರ ನೇರೀಯನ ಮಗನಾದ ಬಾರೂಕ. ಪ್ರವಾದಿಯ ಹೆಸರನ್ನು ಬಲ್ಲವರು ಎಷ್ಟೋ ಮಂದಿ. ಅವನ ಮಾತನ್ನು ಮಸಿಯಲ್ಲಿ ಅದ್ದಿ ಬರೆದವನ ಹೆಸರು ಭಾನುವಾರದ ಪ್ರಸಂಗಗಳಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ. ಅವನನ್ನು ಧೀರನೆಂದು ಗ್ರಂಥ ಎಲ್ಲಿಯೂ ಹೊಗಳುವುದಿಲ್ಲ. ಅವನ ನಂಬಿಕೆ ಬೆಳೆಯಿತೆಂದೂ ಹೇಳುವುದಿಲ್ಲ. ಅವನು ನರಳಿದ್ದನ್ನು ಒಮ್ಮೆ ದಾಖಲಿಸಿ, ಉಳಿದೆಡೆಯೆಲ್ಲ ಅವನು ಮಾಡಿದ ಕೆಲಸವನ್ನಷ್ಟೇ ತೋರಿಸುತ್ತದೆ. ಆ ನರಳಿಕೆ ಮತ್ತು ಈ ಕೆಲಸಗಳ ನಡುವಿನ ಅಂತರವನ್ನು ಅಳೆಯುವುದು ಪ್ರಸ್ತುತ ಅಧ್ಯಯನದ ಉದ್ದೇಶ.

ಹಿನ್ನೆಲೆ

ಬಾರೂಕನ ತಂದೆ ನೇರೀಯ, ತಾತ ಮಹ್ಸೇಯ. ಅದೇ ತಂದೆ, ಅದೇ ತಾತನ ಹೆಸರಿನೊಂದಿಗೆ 51ನೆಯ ಅಧ್ಯಾಯದಲ್ಲಿ ಸೆರಾಯನೆಂಬ ಇನ್ನೊಬ್ಬನು ಬರುತ್ತಾನೆ. ಅವನು ಯೆಹೂದದ ಕೊನೆಯ ರಾಜ ಚಿದ್ಕೀಯನ ಪ್ರಯಾಣದಲ್ಲಿ ಬೀಡಾರದ ವ್ಯವಸ್ಥೆ ನೋಡಿಕೊಳ್ಳುವ ಅಧಿಕಾರಿ. ಇಬ್ಬರೂ ಅಣ್ಣತಮ್ಮಂದಿರೆಂಬುದರಲ್ಲಿ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ಅಂದರೆ ಬಾರೂಕನದು ಅರಮನೆಯ ಬಾಗಿಲು ತೆರೆದಿದ್ದ ಮನೆತನ. ಅವನಿಗಿದ್ದ ‘ಸೋಫೇರ್’ ಎಂಬ ಹೀಬ್ರೂ ಪದವಿಯನ್ನು ನಕಲುಗಾರ ಎಂದು ತಿಳಿದರೆ ತಪ್ಪಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರಿಗೆ ಅಕ್ಷರದೊಂದಿಗೆ ಅಧಿಕಾರವೂ ಇದ್ದಂತೆ, ಯೆರೂಸಲೇಮಿನ ಸೋಫೇರನಿಗೆ ದಸ್ತಾವೇಜು, ಮುದ್ರೆ, ಖಜಾನೆಯ ಲೆಕ್ಕ, ಕೊನೆಗೆ ರಾಜನ ಸಮಾಲೋಚನೆಯವರೆಗೂ ದಾರಿಯಿತ್ತು. ಅಂಥ ವಿದ್ಯೆಯನ್ನು ಕಲಿತವನು ದೇವಾಲಯಕ್ಕೆ ಕಾಲಿಡಲು ಅಡ್ಡಿಯಿದ್ದ ಒಬ್ಬ ಪ್ರವಾದಿಯ ಮುಂದೆ ಸುರುಳಿ ಬಿಚ್ಚಿ ಕುಳಿತದ್ದು ಲಾಭದ ಲೆಕ್ಕಾಚಾರದಿಂದ ಆಗಿರಲಾರದು.

ಕಾಲವೂ ಒಳ್ಳೆಯದಿರಲಿಲ್ಲ. ಕ್ರಿ.ಪೂ. 609ರಲ್ಲಿ ಯೋಷೀಯ ರಾಜನು ಮೆಗಿದ್ದೋವಿನಲ್ಲಿ ಸತ್ತ ಮೇಲೆ ಐಗುಪ್ತದ (ಈಜಿಪ್ಟಿನ) ಫರೋಹ ನೆಕೋ ಯೆಹೋಯಾಕೀಮನನ್ನು ಯೆಹೂದದ ಸಿಂಹಾಸನದ ಮೇಲೆ ಕೂರಿಸಿದ್ದನು. ಈ ರಾಜನಿಗೆ ಪ್ರವಾದಿಗಳ ಮೇಲೆ ಎಂಥ ಸಿಟ್ಟಿತ್ತೆಂಬುದು 26ನೆಯ ಅಧ್ಯಾಯದಿಂದ ಗೊತ್ತಾಗುತ್ತದೆ. ಕಿರ್ಯತ್ ಯಾರೀಮಿನ ಊರೀಯನೆಂಬ ಪ್ರವಾದಿ ಯೆರೆಮೀಯನ ಧಾಟಿಯಲ್ಲೇ ಮಾತಾಡಿ, ಪ್ರಾಣಭಯದಿಂದ ಐಗುಪ್ತಕ್ಕೆ ಓಡಿಹೋದರೂ, ರಾಜನು ಅಕ್ಬೋರನ ಮಗನಾದ ಎಲ್ನಾಥಾನನನ್ನು ಅಲ್ಲಿಗೆ ಕಳುಹಿಸಿ ಅವನನ್ನು ಹಿಡಿದು ತರಿಸಿ, ಕತ್ತಿಯಿಂದ ಕೊಂದು, ಶವವನ್ನು ಸಾಮಾನ್ಯ ಜನರ ಹೂಳುವ ಸ್ಥಳಕ್ಕೆ ಎಸೆಸಿದನು. ಗಡಿ ದಾಟಿದರೂ ಬದುಕಿಲ್ಲವೆಂಬ ಈ ಸುದ್ದಿ ಯೆರೂಸಲೇಮಿನ ಅಕ್ಷರಸ್ಥರಿಗೆಲ್ಲ ತಿಳಿದಿದ್ದ ಸಂಗತಿ. ಬಾರೂಕನು ಲೇಖನಿ ಹಿಡಿದದ್ದು ಇದನ್ನೆಲ್ಲ ಅರಿತೇ.

ನರಳಿಕೆ ಮತ್ತು ಉತ್ತರ

ಯೆಹೋಯಾಕೀಮನ ಆಳ್ವಿಕೆಯ ನಾಲ್ಕನೆಯ ವರ್ಷ, ಎಂದರೆ ಕ್ರಿ.ಪೂ. 605, ಆ ಪ್ರದೇಶದ ಚರಿತ್ರೆ ಹೊರಳಿದ ವರ್ಷ. ಯೂಫ್ರೇಟಿಸ್ ದಂಡೆಯ ಕರ್ಕೆಮೀಷಿನಲ್ಲಿ ಬಾಬೆಲಿನ (ಬ್ಯಾಬಿಲೋನಿನ) ನೆಬೂಕದ್ನೆಚ್ಚರನು ಐಗುಪ್ತದ ಸೈನ್ಯವನ್ನು ಮುರಿದನು. ಯೆಹೋಯಾಕೀಮನಿಗೆ ಪಟ್ಟ ಕಟ್ಟಿದ ಒಡೆಯನೇ ಸೋತುಹೋದನು. ಅದೇ ವರ್ಷ ಯೆರೆಮೀಯನು ತನ್ನ 23 ವರ್ಷಗಳ ಮಾತುಗಳನ್ನು ಒಂದು ಸುರುಳಿಗೆ ಇಳಿಸಬೇಕೆಂಬ ಅಪ್ಪಣೆ ಪಡೆದು ಬಾರೂಕನನ್ನು ಕರೆಸಿದನು. ಪ್ರವಾದಿ ಹೇಳುತ್ತ ಹೋದನು, ಲಿಪಿಕಾರ ಬರೆಯುತ್ತ ಹೋದನು.

ಕಿವಿಯಿಂದ ಕೇಳಿ ಮರೆಯಬಹುದಾದ ಮಾತನ್ನು ಕೈಯಿಂದ ಬರೆಯುವವನು ಮರೆಯಲಾರನು. ತನ್ನ ಊರು ಪಾಳುಬೀಳುವುದು, ತನ್ನವರು ಸೆರೆಹೋಗುವುದು, ತಾನು ಹುಟ್ಟಿ ಬೆಳೆದ ವ್ಯವಸ್ಥೆ ಬೇರುಸಹಿತ ಕೀಳಲ್ಪಡುವುದು ಇವನ್ನೆಲ್ಲ ಒಂದೊಂದು ಅಕ್ಷರವಾಗಿ ಬಿಡಿಸಿ ಬರೆಯುವಾಗ ಬಾರೂಕನು ಕುಸಿದನು. ನೋವಿನ ಮೇಲೆ ಯೆಹೋವನು ದುಃಖವನ್ನೂ ಹೇರಿದ್ದಾನೆ, ನರಳಿ ನರಳಿ ದಣಿದೆ, ನೆಮ್ಮದಿಯೇ ಇಲ್ಲವಲ್ಲ ಎಂಬುದು ಅವನ ಗೋಳು. ಈ ಗೋಳಿಗೆ ಬಂದ ಉತ್ತರ ಸಾಂತ್ವನದ ಧಾಟಿಯದಲ್ಲ. ನಾನು ಕಟ್ಟಿದ್ದನ್ನು ನಾನೇ ಕೆಡವುತ್ತಿದ್ದೇನೆ, ನೆಟ್ಟಿದ್ದನ್ನು ನಾನೇ ಕೀಳುತ್ತಿದ್ದೇನೆ. ಇಂಥ ಹೊತ್ತಿನಲ್ಲಿ ನೀನು ನಿನಗಾಗಿ ದೊಡ್ಡದನ್ನು ಹುಡುಕುತ್ತೀಯಾ, ಹುಡುಕಬೇಡ. ಆದರೆ ನೀನು ಹೋದ ಕಡೆಯಲ್ಲೆಲ್ಲ ನಿನ್ನ ಪ್ರಾಣವನ್ನು ಕೊಳ್ಳೆಯಾಗಿ ನಿನಗೆ ಕೊಡುತ್ತೇನೆ ಎಂದು ಯೆಹೋವನು ಯೆರೆಮೀಯನ ಮೂಲಕ ತಿಳಿಸುತ್ತಾನೆ.

ಇಲ್ಲಿ ಎರಡು ಅಂಶಗಳು ನಿಂತು ನೋಡಲು ತಕ್ಕವು. ಮೊದಲನೆಯದು, ಕಟ್ಟು, ಕೆಡವು, ನೆಡು, ಕೀಳು ಎಂಬ ಕ್ರಿಯಾಪದಗಳು. ಇವು ಮೊದಲ ಅಧ್ಯಾಯದಲ್ಲಿ ಯೆರೆಮೀಯನಿಗೆ ಕರೆ ಬಂದಾಗ ಬಳಕೆಯಾದವೇ. ದೇವರು ತನ್ನ ಸ್ವಂತ ನಷ್ಟದ ಭಾಷೆಯಲ್ಲೇ ಬಾರೂಕನಿಗೆ ಉತ್ತರ ಕೊಡುತ್ತಿದ್ದಾನೆ: ನೀನೊಬ್ಬನೇ ಕಳೆದುಕೊಳ್ಳುತ್ತಿಲ್ಲ, ನಾನು ನೆಟ್ಟ ತೋಟವನ್ನು ನಾನೇ ಕೀಳುತ್ತಿದ್ದೇನೆ ಎಂಬ ಧ್ವನಿ ಅದರಲ್ಲಿದೆ. ಎರಡನೆಯದು, ಪ್ರಾಣವನ್ನು ‘ಕೊಳ್ಳೆಯಾಗಿ’ ಕೊಡುವ ಮಾತು. ಗೆದ್ದ ಸೈನಿಕನು ಬಂಗಾರ, ಬಟ್ಟೆ, ದನಕರು ಹೊಡೆದುಕೊಂಡು ಮನೆಗೆ ಬರುತ್ತಾನೆ. ಸೋತ ಸೈನಿಕನು ಬದುಕಿ ಬಂದರೆ ಅವನ ಕೊಳ್ಳೆ ಅವನ ಉಸಿರು ಮಾತ್ರ. ದಂಡಿನವರ ಕಹಿನಗೆಯಂತಿರುವ ಈ ನುಡಿಗಟ್ಟು ಇದೇ ಗ್ರಂಥದಲ್ಲಿ ಬಾಬೆಲಿಗೆ ಶರಣಾಗುವ ಜನರಿಗೂ, ಯೆರೆಮೀಯನನ್ನು ಬಾವಿಯಿಂದ ಎತ್ತಿದ ಕೂಷ್ ದೇಶದ ಎಬೆದ್ಮೆಲೆಕನಿಗೂ ಅನ್ವಯವಾಗಿದೆ.

‘ದೊಡ್ಡದು’ ಎಂದರೆ ಯಾವುದೆಂದು ವಚನ ಬಿಡಿಸಿ ಹೇಳುವುದಿಲ್ಲ. ಅರಮನೆಯ ಪದವಿಯೆಂದು ಹಲವರು ಅರ್ಥ ಮಾಡಿದ್ದಾರೆ, ಬಾರೂಕನ ಮನೆತನದ ಸೆರಾಯನು ಏರಿದ ಎತ್ತರವನ್ನು ನೋಡಿದರೆ ಈ ಅರ್ಥ ಒಪ್ಪುವಂಥದ್ದೇ. ನನಗೆ ಅದಕ್ಕಿಂತ ಸಣ್ಣದೊಂದು ಅರ್ಥವೂ ಹೊಂದುವಂತೆ ಕಾಣುತ್ತದೆ: ತಾನು ಇಷ್ಟು ಶ್ರಮಪಟ್ಟು ಬರೆದದ್ದಕ್ಕೆ ಜನ ಕಿವಿಗೊಡಬೇಕು, ಬರೆದ ಕೆಲಸಕ್ಕೆ ಫಲ ಕಾಣಬೇಕು ಎಂಬ ಬರಹಗಾರನ ಸಹಜ ಆಸೆ. ಅದನ್ನೂ ಬಿಡಬೇಕಾಯಿತೆಂಬುದು ಮುಂದಿನ ಘಟನೆಗಳಿಂದ ಗೊತ್ತಾಗುತ್ತದೆ.

ಈ ಐದು ವಚನಗಳ ಘಟನೆಯನ್ನು ಸುರುಳಿ ಸುಟ್ಟುಹೋದ ಮೇಲಿನದೆಂದು ಓದುವವರಿದ್ದಾರೆ. ನಾಲ್ಕನೆಯ ವರ್ಷದಲ್ಲಿ, ಬರೆಯುತ್ತಿದ್ದಾಗ ಎಂದು ಮೊದಲ ವಚನವೇ ಹೇಳಿರುವುದರಿಂದ, ಓದುವ ದಿನ ಬಂದದ್ದು ಐದನೆಯ ವರ್ಷದಲ್ಲಾದ್ದರಿಂದ, ಬಾರೂಕನು ನರಳಿದ್ದು ಜನರ ಮುಂದೆ ನಿಲ್ಲುವುದಕ್ಕೆ ತಿಂಗಳುಗಟ್ಟಲೆ ಮೊದಲು ಎಂದೇ ಇಲ್ಲಿ ತೆಗೆದುಕೊಳ್ಳಲಾಗಿದೆ. ಪ್ರಕರಣದ ತಿರುಳು ಈ ಕ್ರಮದ ಮೇಲೆ ನಿಂತಿದೆ.

ಒಂಬತ್ತನೆಯ ತಿಂಗಳ ಒಂದು ದಿನ

ಐದನೆಯ ವರ್ಷದ ಒಂಬತ್ತನೆಯ ತಿಂಗಳಲ್ಲಿ, ಚಳಿಗಾಲದ ನಡುವೆ, ಯೆರೂಸಲೇಮಿನಲ್ಲಿ ಉಪವಾಸ ಸಾರಲಾಯಿತು. ಬಾಬೆಲಿನ ವೃತ್ತಾಂತ ಫಲಕವೊಂದರ ಪ್ರಕಾರ ಕ್ರಿ.ಪೂ. 604ರ ಅದೇ ಕಿಸ್ಲೇವ್ ತಿಂಗಳಲ್ಲಿ ನೆಬೂಕದ್ನೆಚ್ಚರನು ಕಡಲತೀರದ ಅಷ್ಕೆಲೋನನ್ನು ಹಿಡಿದು ನೆಲಸಮ ಮಾಡಿದನು. ಉಪವಾಸಕ್ಕೂ ಆ ಸುದ್ದಿಗೂ ಸಂಬಂಧವಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಯೆಹೂದದ ಊರೂರುಗಳಿಂದ ಜನ ದೇವಾಲಯಕ್ಕೆ ಬಂದು ಸೇರಿದ್ದರು. ಯೆರೆಮೀಯನಿಗೆ ಒಳಗೆ ಹೋಗುವಂತಿರಲಿಲ್ಲ. ಬಾರೂಕನು ಹೋದನು.

ಆ ಒಂದೇ ದಿನ ಸುರುಳಿಯ ಓದು ಮೂರು ಸಲ ನಡೆಯಿತು. ಮೊದಲ ಓದು ಮೇಲಿನ ಅಂಗಳದಲ್ಲಿ, ಹೊಸ ಬಾಗಿಲ ಬಳಿ, ಶಾಫಾನನ ಮಗನಾದ ಗೆಮರ್ಯನ ಕೊಠಡಿಯಲ್ಲಿ, ಜನರೆಲ್ಲ ಕೇಳುವಂತೆ. ಜನರು ಏನೆಂದರೆಂಬುದನ್ನು ಗ್ರಂಥ ಹೇಳುವುದೇ ಇಲ್ಲ. ಆ ಮೌನ ನನಗೆ ಯಾವಾಗಲೂ ಚುಚ್ಚುತ್ತದೆ. ಗೆಮರ್ಯನ ಮಗ ಮೀಕಾಯನೊಬ್ಬನು ಕೇಳಿಸಿಕೊಂಡು, ಎದ್ದು, ಅರಮನೆಯ ಲೇಖಕರ ಕೊಠಡಿಗೆ ಹೋಗಿ ಅಲ್ಲಿ ಕುಳಿತಿದ್ದ ಅಧಿಕಾರಿಗಳಿಗೆ ಒಪ್ಪಿಸಿದನು. ಅವರು ಯೆಹೂದಿಯೆಂಬವನನ್ನು ಕಳುಹಿಸಿ ಬಾರೂಕನನ್ನು ಸುರುಳಿಯೊಂದಿಗೆ ಕರೆಸಿದರು.

ಎರಡನೆಯ ಓದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಕೊಠಡಿ ಬಾರೂಕನ ವೃತ್ತಿಯವರದೇ. ಲೇಖಕ ಎಲೀಷಾಮ ಅಲ್ಲಿದ್ದನು, ದೆಲಾಯನಿದ್ದನು, ಗೆಮರ್ಯನಿದ್ದನು. ಊರೀಯನನ್ನು ಐಗುಪ್ತದಿಂದ ಹಿಡಿದು ತಂದ ಎಲ್ನಾಥಾನನೂ ಅಲ್ಲೇ ಕುಳಿತಿದ್ದನು. ದೊಡ್ಡದನ್ನು ಹುಡುಕುವ ಲೇಖಕನೊಬ್ಬನು ಎಂದಾದರೂ ಕೂರಬಯಸುವ ಜಾಗ ಇದ್ದರೆ ಅದು ಇದೇ. ಅಧಿಕಾರಿಗಳು ಕೂತುಕೋ, ನಮಗೂ ಓದಿ ಹೇಳು ಎಂದರು, ಅವನು ಓದಿದನು. ಕೇಳಿ ಅವರು ಬೆದರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜನಿಗೆ ತಿಳಿಸದೆ ವಿಧಿಯಿಲ್ಲ ಎಂದ ಮೇಲೆ, ಇದನ್ನೆಲ್ಲ ಹೇಗೆ ಬರೆದೆ, ಅವನೇ ಹೇಳಿ ಬರೆಯಿಸಿದನೋ ಎಂದು ಕೇಳಿದರು.

ಇದು ವಿಚಾರಣೆಯ ಪ್ರಶ್ನೆ. ಹೌದು, ಅವನೇ ಹೇಳಿದ್ದು, ನನ್ನದೇನೂ ಇಲ್ಲ, ನಾನು ಬರೀ ಬರೆದವನು ಎಂದು ಜಾರಿಕೊಳ್ಳುವುದಕ್ಕೆ ಅದರಲ್ಲೇ ದಾರಿಯಿತ್ತು. ಬಾರೂಕನ ಉತ್ತರ ಒಂದೇ ವಾಕ್ಯದ್ದು: ಅವನು ಈ ಮಾತುಗಳನ್ನೆಲ್ಲ ತನ್ನ ಬಾಯಿಂದ ಹೇಳುತ್ತಿದ್ದನು, ನಾನು ಮಸಿಯಿಂದ ಸುರುಳಿಯಲ್ಲಿ ಬರೆಯುತ್ತಿದ್ದೆನು. ಮಸಿ ಎಂಬರ್ಥದ ಹೀಬ್ರೂ ಪದ ಇಡೀ ಹಳೆ ಒಡಂಬಡಿಕೆಯಲ್ಲಿ ಕಾಣುವುದು ಇಲ್ಲೊಂದೇ ಕಡೆ. ಈ ಉತ್ತರದಲ್ಲಿ ಕ್ಷಮೆಯಾಚನೆಯಿಲ್ಲ, ಸಮರ್ಥನೆಯಿಲ್ಲ, ಎದೆತಟ್ಟಿಕೊಳ್ಳುವ ಮಾತೂ ಇಲ್ಲ. ಯಾರ ಬಾಯಿ, ಯಾರ ಕೈ, ಯಾವ ಮಸಿ ಎಂದು ಕಸುಬುದಾರನೊಬ್ಬ ಸಹೋದ್ಯೋಗಿಗಳಿಗೆ ಲೆಕ್ಕ ಒಪ್ಪಿಸಿದಂತಿದೆ. ಹಿಂದಿನ ವರ್ಷ ನೆಮ್ಮದಿಯಿಲ್ಲವೆಂದು ನರಳಿದವನು ಇವನೇ ಎಂಬುದನ್ನು ನೆನಪಿಟ್ಟುಕೊಂಡು ಓದಿದರೆ, ಆ ವಾಕ್ಯದಲ್ಲಿರುವ ಸಮಾಧಾನ ಎಷ್ಟು ಬೆಲೆಯದ್ದೆಂದು ತಿಳಿಯುತ್ತದೆ. ಅವನಿಗೆ ಭಯವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಹೋಗಿ ಬಚ್ಚಿಟ್ಟುಕೊಳ್ಳಿ, ನೀನೂ ಯೆರೆಮೀಯನೂ ಎಲ್ಲಿದ್ದೀರೆಂದು ಯಾರಿಗೂ ತಿಳಿಯಬಾರದು ಎಂದು ಅಧಿಕಾರಿಗಳೇ ಹೇಳಿದಾಗ ಅವನು ಸುಮ್ಮನೆ ಹೋಗಿ ಬಚ್ಚಿಟ್ಟುಕೊಂಡನು. ಸಾಯಲು ಹಟ ಹಿಡಿಯುವುದು ಅವನ ಧೈರ್ಯದ ರೀತಿಯಾಗಿರಲಿಲ್ಲ.

ಮೂರನೆಯ ಓದಿನಲ್ಲಿ ಬಾರೂಕನಿಲ್ಲ. ರಾಜನು ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದನು, ಯೆಹೂದಿ ಓದುತ್ತಿದ್ದನು. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ರಾಜನು ಲೇಖಕರ ಚೂರಿಯಿಂದ ಅಷ್ಟನ್ನು ಕೊಯ್ದು ಕೆಂಡಕ್ಕೆ ಎಸೆಯುತ್ತಿದ್ದನು. ಸುರುಳಿ ಪೂರ್ತಿ ಬೂದಿಯಾಗುವವರೆಗೂ ಇದು ನಡೆಯಿತು. ಆ ಚೂರಿ ಜೊಂಡಿನ ಲೇಖನಿಯ ಮೊನೆ ಹೆರೆಯುವುದಕ್ಕೂ ಹಾಳೆಯ ಅಂಚು ಸವರುವುದಕ್ಕೂ ಲೇಖಕರು ಇಟ್ಟುಕೊಳ್ಳುತ್ತಿದ್ದ ಸಲಕರಣೆ. ಬಾರೂಕನ ಬಳಿಯೂ ಅಂಥದೊಂದು ಇದ್ದೇ ಇರುತ್ತದೆ. ಬರಹಕ್ಕೆ ಬೇಕಾದ ಉಪಕರಣದಿಂದಲೇ ಬರಹ ಕತ್ತರಿಸಿಹೋಯಿತು. ಹಿಂದೆ ಇದೇ ಅರಮನೆಯಲ್ಲಿ, ದೇವಾಲಯದಲ್ಲಿ ಸಿಕ್ಕಿದ ಧರ್ಮಶಾಸ್ತ್ರದ ಗ್ರಂಥವನ್ನು ಲೇಖಕ ಶಾಫಾನನು ಓದಿದಾಗ ಯೋಷೀಯ ರಾಜನು ಬಟ್ಟೆ ಹರಿದುಕೊಂಡಿದ್ದನು. ಈಗ ಯೋಷೀಯನ ಮಗ ಸುರುಳಿಯನ್ನು ಹರಿಯುತ್ತಿದ್ದಾನೆ, ಶಾಫಾನನ ಮಗ ಗೆಮರ್ಯನು ಸುಡಬೇಡಿ ಎಂದು ಬೇಡಿಕೊಳ್ಳುತ್ತಿದ್ದಾನೆ. ಹಾಗೆ ಬೇಡಿಕೊಂಡ ಮೂವರಲ್ಲಿ ಎಲ್ನಾಥಾನನೂ ಒಬ್ಬನೆಂಬುದನ್ನು ಗಮನಿಸದೆ ಮುಂದೆ ಹೋಗಲಾಗದು. ಊರೀಯನನ್ನು ಸಾವಿಗೆ ಒಪ್ಪಿಸಿದವನ ಮನಸ್ಸು ಅಂದು ಬೆಳಗ್ಗೆ ಬಾರೂಕನ ಓದಿನಿಂದ ಅಲುಗಿತೋ, ಹಳೆಯ ಕೊಲೆಯ ಭಾರದಿಂದಲೋ, ಗ್ರಂಥ ಹೇಳುವುದಿಲ್ಲ. ರಾಜನು ಕೇಳಲಿಲ್ಲ. ಲೇಖಕ ಬಾರೂಕನನ್ನೂ ಪ್ರವಾದಿ ಯೆರೆಮೀಯನನ್ನೂ ಹಿಡಿಯಿರೆಂದು ಅಪ್ಪಣೆ ಹೊರಟಿತು. ಆ ಅಪ್ಪಣೆಯಲ್ಲಿ ಬಾರೂಕನ ಹೆಸರೇ ಮೊದಲು ಬರುತ್ತದೆ.

ಮತ್ತೆ ಬರೆದದ್ದು

36ನೆಯ ಅಧ್ಯಾಯದ ಕೊನೆಯ ವಚನವನ್ನು ನಾನು ಈ ಪ್ರಕರಣದ ಕೇಂದ್ರವೆಂದು ಭಾವಿಸುತ್ತೇನೆ. ಯೆರೆಮೀಯನು ಇನ್ನೊಂದು ಸುರುಳಿಯನ್ನು ತೆಗೆದು ಬಾರೂಕನಿಗೆ ಕೊಟ್ಟನು. ರಾಜನು ಸುಟ್ಟ ಗ್ರಂಥದ ಮಾತುಗಳನ್ನೆಲ್ಲ ಬಾರೂಕನು ಅದರಲ್ಲಿ ಬರೆದನು. ಅಂಥವೇ ಇನ್ನೂ ಅನೇಕ ಮಾತುಗಳು ಸೇರಿದವು. ಇಷ್ಟೇ.

ಬರೆದದ್ದು ಕಳೆದುಹೋಗಿ ಮತ್ತೆ ಬರೆಯಬೇಕಾಗಿ ಬಂದವರಿಗೆ ಇದರ ಕಷ್ಟ ಗೊತ್ತು. ಮೊದಲ ಸಲದ ಹುರುಪು ಇರುವುದಿಲ್ಲ, ಕೈ ಓಡುವುದಿಲ್ಲ, ಮಾಡಿದ್ದನ್ನೇ ಮಾಡುವ ಬೇಸರ ಬೇರೆ. ಬಾರೂಕನ ಮಟ್ಟಿಗೆ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಮೊದಲ ಸುರುಳಿ ಬರೆಯುವಾಗ ಅವನು ಹೆಸರಿಲ್ಲದ ಲಿಪಿಕಾರ. ಈಗ ಹುಡುಕಾಟದ ಪಟ್ಟಿಯಲ್ಲಿರುವವನು. ಮೊದಲ ಸಲ, ಜನ ಕೇಳಿಯಾರು ಎಂಬ ಭರವಸೆ ಅಪ್ಪಣೆಯಲ್ಲೇ ಇತ್ತು. ಈ ಸಲ ಯಾರೂ ಕೇಳಲಿಲ್ಲವೆಂದು ತಿಳಿದೇ ಬರೆಯಬೇಕಿತ್ತು, ಬರೆಯುವುದಕ್ಕೆ ಇನ್ನಷ್ಟು ಸೇರಿಕೊಂಡೂ ಇತ್ತು. ಆದರೂ ಎರಡನೆಯ ಬರವಣಿಗೆಯ ಸಂದರ್ಭದಲ್ಲಿ ಒಂದು ನರಳಿಕೆಯೂ ದಾಖಲಾಗಿಲ್ಲ. ದಾಖಲಾಗದ್ದೆಲ್ಲ ನಡೆಯಲಿಲ್ಲವೆಂದು ವಾದಿಸುವುದು ಸರಿಯಲ್ಲ, ನಿಜ. ಆದರೆ ಅವನ ಮೊದಲ ಗೋಳನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಗ್ರಂಥವು ಎರಡನೆಯದನ್ನು ಮರೆಮಾಡುವ ಕಾರಣವೂ ಕಾಣುವುದಿಲ್ಲ. ದೊಡ್ಡದನ್ನು ಹುಡುಕಬೇಡ ಎಂಬ ಮಾತು ಅವನಿಂದ ಏನನ್ನೋ ಕಿತ್ತುಕೊಂಡಿತು. ಕಿತ್ತುಕೊಂಡ ಆ ಜಾಗದಲ್ಲಿ ಫಲದ ನಿರೀಕ್ಷೆಯಿಲ್ಲದೆ ಕೆಲಸ ಮಾಡುವ ಶಕ್ತಿ ಬಂದು ನೆಲೆಸಿತು.

ಮುತ್ತಿಗೆಯ ನಡುವೆ ಒಂದು ಕ್ರಯಪತ್ರ

ಸುಮಾರು 17 ವರ್ಷಗಳ ಬಳಿಕ, ಚಿದ್ಕೀಯನ ಹತ್ತನೆಯ ವರ್ಷದಲ್ಲಿ, ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿತ್ತು. ಯೆರೆಮೀಯನು ಕಾವಲಿನ ಅಂಗಳದಲ್ಲಿ ಬಂಧಿಯಾಗಿದ್ದನು. ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ ಎಂದನು. ಶತ್ರುವಿನ ಕೈಸೇರಿರುವ ನೆಲವನ್ನು ಯಾರು ಕೊಳ್ಳುತ್ತಾರೆ? ಯೆರೆಮೀಯನು 17 ಶೆಕೆಲ್ ಬೆಳ್ಳಿ, ಇಂದಿನ ತೂಕದಲ್ಲಿ ಹೆಚ್ಚುಕಡಿಮೆ 190 ಗ್ರಾಂ, ತಕ್ಕಡಿಯಲ್ಲಿ ತೂಗಿಕೊಟ್ಟನು. ಸಾಕ್ಷಿಗಳು ಸಹಿ ಹಾಕಿದರು. ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಎಲ್ಲರೆದುರು ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡು, ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದು ಎಂದನು.

ಇಲ್ಲಿ ಬಾರೂಕನು ಒಂದು ಮಾತನ್ನೂ ಆಡುವುದಿಲ್ಲ. ಆಶ್ಚರ್ಯದ ಸಂಗತಿಯೆಂದರೆ, ಕ್ರಯಪತ್ರ ಒಪ್ಪಿಸಿದ ಬಳಿಕ ಕಳವಳಗೊಂಡು ದೇವರೊಡನೆ ವಾದಿಸುವವನು ಯೆರೆಮೀಯನೇ. ಪಟ್ಟಣ ಕಸ್ದೀಯರ, ಎಂದರೆ ಬಾಬೆಲಿನವರ, ಪಾಲಾಗುತ್ತಿರುವಾಗ ಹೊಲ ಕೊಳ್ಳೆಂದೆಯಲ್ಲ ಎಂದು ಅವನು ಪ್ರಾರ್ಥಿಸುತ್ತಾನೆ. ಹಿಂದೆ ಲಿಪಿಕಾರ ಅಳುತ್ತಿದ್ದನು, ಪ್ರವಾದಿ ಉತ್ತರ ತಂದುಕೊಟ್ಟನು. ಈಗ ಪ್ರವಾದಿಯ ಮನಸ್ಸು ತೂಗಾಡುತ್ತಿದೆ, ಪಾತ್ರೆ ಲಿಪಿಕಾರನ ಕೈಯಲ್ಲಿದೆ.

ಆರೋಪ, ಐಗುಪ್ತ

ಯೆರೂಸಲೇಮ್ ಬಿದ್ದು, ಬಾಬೆಲಿನವರು ನೇಮಿಸಿದ ಅಧಿಪತಿ ಗೆದಲ್ಯನ ಕೊಲೆಯಾದ ಮೇಲೆ, ಅಳಿದುಳಿದವರು ಐಗುಪ್ತಕ್ಕೆ ಓಡಿಹೋಗಲು ಹೊರಟರು. ಹೋಗಬೇಡಿ ಎಂದ ಯೆರೆಮೀಯನಿಗೆ ಕಾರೇಹನ ಮಗ ಯೋಹಾನಾನನೂ ಇತರರೂ ಕೊಟ್ಟ ಉತ್ತರ ವಿಚಿತ್ರವಾದದ್ದು: ನೀನು ಸುಳ್ಳಾಡುತ್ತೀ, ನಮ್ಮನ್ನು ಕಸ್ದೀಯರ ಕೈಗೆ ಕೊಡಿಸಲು ನೇರೀಯನ ಮಗ ಬಾರೂಕನೇ ನಿನ್ನನ್ನು ಎತ್ತಿಕಟ್ಟುತ್ತಿದ್ದಾನೆ. ತನಗಾಗಿ ದೊಡ್ಡದನ್ನು ಹುಡುಕದೆ ಬದುಕಿದವನನ್ನು ಕೊನೆಗೆ ಜನರು ಪ್ರವಾದಿಯ ಹಿಂದಿನ ಸೂತ್ರಧಾರನನ್ನಾಗಿ ಮಾಡಿದರು. ಸುಳ್ಳು ಆರೋಪವಾದರೂ ಅದರಿಂದ ಒಂದು ವಿಷಯ ಹೊರಬೀಳುತ್ತದೆ: ಅಷ್ಟರ ಹೊತ್ತಿಗೆ ಅವನು ಯಾರ ನೆರಳೂ ಆಗಿರಲಿಲ್ಲ, ಸ್ವಂತ ನಿಲುವಿನವನೆಂದು ಊರು ಗುರುತಿಸಿತ್ತು. ಅವನು ತನ್ನ ಪರವಾಗಿ ಆಡಿದ ಮಾತು ಒಂದೂ ಉಳಿದಿಲ್ಲ. ಯೆರೆಮೀಯನೊಂದಿಗೆ ಅವನನ್ನೂ ಐಗುಪ್ತದ ತಹಪನೇಸಿಗೆ ಕರೆದೊಯ್ದರು, ಅಲ್ಲಿಗೆ ಗ್ರಂಥ ಅವನ ಜಾಡು ಬಿಡುತ್ತದೆ. ನೀನು ಹೋದ ಕಡೆಯಲ್ಲೆಲ್ಲ ಪ್ರಾಣ ಉಳಿಸುವೆನೆಂಬ ಮಾತಿನಲ್ಲಿ ‘ಹೋದ ಕಡೆಯಲ್ಲೆಲ್ಲ’ ಎಂಬ ಭಾಗ ಎಷ್ಟು ದೂರದ್ದೆಂದು ಅವನಿಗೆ ಬಹುಶಃ ಆ ದಾರಿಯಲ್ಲಿ ಅರ್ಥವಾಗಿರಬೇಕು.

ಬೆಂಕಿಯಲ್ಲಿ ಉಳಿದದ್ದು

ಯೆರೂಸಲೇಮಿನ ದಾವೀದನ ನಗರದಲ್ಲಿ ಯಿಗಾಲ್ ಶಿಲೋ ನಡೆಸಿದ ಉತ್ಖನನದಲ್ಲಿ, 1982ರಲ್ಲಿ, ಒಂದು ಕಟ್ಟಡದ ಸುಟ್ಟ ಪದರದಿಂದ 51 ಮಣ್ಣಿನ ಮುದ್ರೆಗಳು ದೊರೆತವು. ಅವುಗಳಲ್ಲೊಂದರ ಮೇಲೆ ‘ಶಾಫಾನನ ಮಗನಾದ ಗೆಮರ್ಯನದು’ ಎಂಬರ್ಥದ ಬರಹವಿದೆ. ಬಾರೂಕನಿಗೆ ಓದಲು ಕೊಠಡಿ ಬಿಟ್ಟುಕೊಟ್ಟವನೇ ಇವನೆಂದು ಅನೇಕರು ಒಪ್ಪುತ್ತಾರೆ. ಮುದ್ರೆ ಅಂಟಿಸಿದ್ದ ದಸ್ತಾವೇಜುಗಳೆಲ್ಲ ಬಾಬೆಲಿನವರು ಹಚ್ಚಿದ ಬೆಂಕಿಯಲ್ಲಿ ಉರಿದುಹೋದವು, ಹಸಿ ಮಣ್ಣಿನ ಮುದ್ರೆಗಳು ಮಾತ್ರ ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾದವು. ಬಾರೂಕನದೇ ಮುದ್ರೆಯೆಂದು 1970ರ ದಶಕದಲ್ಲಿ ಪುರಾತನ ವಸ್ತುಗಳ ಮಾರುಕಟ್ಟೆಯಿಂದ ಬಂದು ಬಹಳ ಹೆಸರು ಮಾಡಿದ ಇನ್ನೊಂದು ಮುದ್ರೆಯನ್ನು 2014ರಲ್ಲಿ ಪ್ರಕಟವಾದ ಪರಿಶೀಲನೆ ನಕಲಿಯೆಂದು ಹೇಳಿತು. ಈ ಸುದ್ದಿಯಿಂದ ನಿರಾಶರಾದವರುಂಟು. ಬಾರೂಕನ ಗುರುತು ಅವನ ಹೆಸರಿನ ಮಣ್ಣಿನ ತುಣುಕಿನಲ್ಲಿ ಸಿಗಬೇಕೆಂದು ನಾವು ಯಾಕೆ ಬಯಸುತ್ತೇವೋ.

ಅವನ ತಮ್ಮನೋ ಅಣ್ಣನೋ ಆದ ಸೆರಾಯನ ಕೈಗೂ ಯೆರೆಮೀಯನು ಒಂದು ಸುರುಳಿ ಕೊಟ್ಟಿದ್ದನು. ಬಾಬೆಲಿಗೆ ಹೋದಾಗ ಓದಿ, ಕಲ್ಲು ಕಟ್ಟಿ ಯೂಫ್ರೇಟಿಸ್ ನದಿಗೆ ಎಸೆ ಎಂದು ಅವನಿಗೆ ಅಪ್ಪಣೆಯಾಗಿತ್ತು. ಒಂದೇ ಮನೆಯ ಇಬ್ಬರ ಸುರುಳಿಗಳಲ್ಲಿ ಒಂದು ಬೆಂಕಿಗೆ, ಇನ್ನೊಂದು ನೀರಿಗೆ.

ಹೀಬ್ರೂ ಕ್ರಮದಲ್ಲಿ ಬಾರೂಕನ ಐದು ವಚನಗಳು ಐಗುಪ್ತದ ಕಥೆ ಮುಗಿದ ಕೂಡಲೇ ಬರುತ್ತವೆ, ಘಟನೆ ಮಾತ್ರ ಅದಕ್ಕಿಂತ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಪುರಾತನ ಗ್ರೀಕ್ ಅನುವಾದದಲ್ಲಿ ಜನಾಂಗಗಳ ಕುರಿತ ಪ್ರವಾದನೆಗಳು ಮುಂಚೆಯೇ ಬಂದುಹೋಗುವುದರಿಂದ, ಈ ವಚನಗಳು ಕೊನೆಯ ಚಾರಿತ್ರಿಕ ಅಧ್ಯಾಯವೊಂದನ್ನು ಬಿಟ್ಟರೆ ಗ್ರಂಥದ ತುದಿಯಲ್ಲೇ ನಿಲ್ಲುತ್ತವೆ, ಪತ್ರದ ಕೆಳಗೆ ಬರೆದವನ ರುಜುವಿನ ಹಾಗೆ. ಬಹುಕಾಲದ ನಂತರ ಅವನ ಹೆಸರಿನಲ್ಲೇ ಒಂದು ಸಣ್ಣ ಗ್ರಂಥ ಹುಟ್ಟಿತು. ಕಥೋಲಿಕ ಬೈಬಲಿನಲ್ಲಿ ಅದು ಸೇರಿದೆ, ಪ್ರಾಟೆಸ್ಟಂಟರ ಬೈಬಲಿನಲ್ಲಿಲ್ಲ, ಆದ್ದರಿಂದ ಕನ್ನಡದ ಕ್ರೈಸ್ತರಲ್ಲಿಯೂ ಕೆಲವರ ಮನೆಯಲ್ಲಿ ಬಾರೂಕನಿಗೆ ಸ್ವಂತ ಪುಟಗಳಿವೆ, ಕೆಲವರ ಮನೆಯಲ್ಲಿಲ್ಲ. ಆ ಗ್ರಂಥದ ಆರಂಭದಲ್ಲಿ ಬಾರೂಕನು ಬಾಬೆಲಿನ ನದಿಯ ದಡದಲ್ಲಿ ನಿಂತು, ಸೆರೆಹೋದ ರಾಜ ಯೆಕೊನ್ಯನಿಗೂ ಜನರಿಗೂ ಕೇಳುವಂತೆ ಓದುತ್ತಾನೆ. ಯೆಕೊನ್ಯನು ಸುರುಳಿ ಸುಟ್ಟ ಯೆಹೋಯಾಕೀಮನ ಮಗ. ಈ ಸಲ ಕೇಳಿದವರೆಲ್ಲ ಅತ್ತರು, ಉಪವಾಸ ಮಾಡಿದರು, ಕೈಲಾದಷ್ಟು ಹಣ ಕೂಡಿಸಿ ಯೆರೂಸಲೇಮಿಗೆ ಕಳುಹಿಸಿದರು.